ಹಗುರ ಮೂತಿಗೆ ತೂಕ ತುಂಬುವಾಕೆ

ಬೆಳಗಿನ ಐದೂವರೆ. ಮೇವಿನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಆಗಲೇ ದೀಪ ಉರಿಯುತ್ತಿದೆ. ಅರವತ್ತೆರಡು ವರ್ಷದ ಗೆರ್ಲಿಂಡೆ ಫೌಸರ್ ಮೊಣಕಾಲೂರಿ ನೆಲ ಗುಡಿಸುತ್ತಿದ್ದಾರೆ. ಅಂತಿಂಥ ಗುಡಿಸುವುದಲ್ಲ. ಪೊರಕೆ ಆಡಿಸಿದ ಮೇಲೆ ಬ್ರಷ್ಷು, ಬ್ರಷ್ಷಾದ ಮೇಲೆ ಬರಿಯ ಅಂಗೈ. ಮೇವಿನ ಅಂಗಡಿಯಿಂದ ಹಾರಿಬಂದ ಒಂದು ಕಾಳು ಜೋಳ ಸಿಕ್ಕಿದರೂ ಹೆಕ್ಕಿ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಕಾರಿನ ಚಕ್ರಕ್ಕೊಂದರಂತೆ ನಾಲ್ಕು ಚಪ್ಪಟೆ ತಕ್ಕಡಿಗಳನ್ನು ನಾಲ್ಕು ಮೂಲೆಗೆ ಇಟ್ಟು, ನೀರು ತುಂಬಿದ ಕೊಳವೆ ಹಿಡಿದು ನಾಲ್ಕೂ ಒಂದೇ ಮಟ್ಟದಲ್ಲಿವೆಯೇ ಎಂದು ನೋಡುತ್ತಾರೆ. ಬಾಯಲ್ಲಿ ಬೆಣ್ಣೆ ಸವರಿದ ಬ್ರೆಜೆಲ್ ರೊಟ್ಟಿ ಇದೆ. ಎರಡು ಕೈಗೂ ಪುರುಸೊತ್ತಿಲ್ಲದ ಕಾರಣ ಅದು ಅಲ್ಲಿದ್ದಲ್ಲೇ ಸ್ವಲ್ಪ ಸ್ವಲ್ಪವಾಗಿ ಮುಗಿಯುತ್ತಿದೆ.

“ತಕ್ಕಡಿ ಅಡಿಗೆ ಒಂದು ಕಾಳು ಸಿಕ್ಕಿದ್ರೆ ಸಾಕು, ಈ ಚಕ್ರದ ಎರಡು ಕಿಲೋ ಆ ಚಕ್ರಕ್ಕೆ ಹಾರಿಬಿಡತ್ತೆ,” ಎನ್ನುತ್ತಾರೆ ರೊಟ್ಟಿ ಪೂರ್ತಿ ನುಂಗಿದ ಮೇಲೆ. “ಆಮೇಲೆ ತಿರುವಲ್ಲಿ ಹೋಗಿ ಕಾರನ್ನ ಬಯ್ತಾರೆ. ಕಾರೇನ್ ಮಾಡತ್ತೆ ಪಾಪ?”

ಏಳು ಗಂಟೆಗೆ ಸರಿಯಾಗಿ ಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರೊಂದು ಒಳಗೆ ಬರುತ್ತದೆ. ಅದಕ್ಕೆ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಈ ಶ್ವಾಬಿಯಾ ಸೀಮೆಯ ಗಂಡಸರು ಇಂಥ ಕಾರನ್ನು ತೊಳೆಯುವಷ್ಟು ಜೋಪಾನವಾಗಿ ತಮ್ಮ ಮಕ್ಕಳಿಗೂ ಸ್ನಾನ ಮಾಡಿಸಿದವರಲ್ಲ. ಆದರೆ ಕಾರಿಗೊಂದು ಹುಟ್ಟುಗುಣವಿದೆ. ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಮುಂದಿನವು ರಸ್ತೆಯನ್ನು ಮುಟ್ಟಿಯೂ ಮುಟ್ಟದಂತೆ ಓಡುತ್ತವೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಚಕ್ರವೇನೋ ತಿರುಗುತ್ತದೆ, ಕಾರು ಮಾತ್ರ ತನ್ನ ಪಾಡಿಗೆ ತಾನು ನೇರ ಹೊರಟುಬಿಡುತ್ತದೆ. ಕಾರಿನ ಪಂಡಿತರು ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಗೆರ್ಲಿಂಡೆ ‘ಮೂತಿ ಹಟ’ ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಆ ಹಟ ಬಿಡಿಸುವುದೇ ಅವರ ಕಸುಬು.

ದಿನಕ್ಕೆ ಒಂದೇ ಕಾರು, ವರ್ಷಕ್ಕೆ ನೂರಾ ಅರವತ್ತು. ಪ್ರತಿ ಚಕ್ರದ ಮೇಲೆ ಎಷ್ಟು ಭಾರ, ಚಕ್ರ ಎಷ್ಟು ಓರೆ, ಟೈರಿನಲ್ಲಿ ಗಾಳಿ ಎಷ್ಟು ಎಂದು ನೋಡಿ, ಒಂದು ಸ್ಪ್ಯಾನರು ಮತ್ತು ಒಂದು ದಾರದ ಉಂಡೆಯಿಂದ ಎಲ್ಲವನ್ನೂ ಹದಕ್ಕೆ ತರುತ್ತಾರೆ. ಒಂದು ಕಾರಿಗೆ ಎಷ್ಟು ಸಲ ಬಗ್ಗಿ ಏಳುತ್ತೇನೆಂದು ಒಂದು ದಿನ ಲೆಕ್ಕ ಹಾಕಲು ಹೊರಟಿದ್ದರಂತೆ. “ಎಂಬತ್ತಮೂರರ ತನಕ ಎಣಿಸಿದೆ. ಅಲ್ಲಿಂದಾಚೆಗೆ ಸೊಂಟವೇ ‘ಸಾಕು ಮಾರಾಯ್ತಿ’ ಅಂತು.”

ತೂಕ ನೋಡುವಾಗ ಕಾರು ಓಡಿಸುವವರು ಒಳಗೆ ಕೂತಿರಲೇಬೇಕು. ಅವರ ಭಾರವೂ ಸೇರದಿದ್ದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಊರಿನ ಅರ್ಧ ಜನರ ನಿಜವಾದ ತೂಕ ಗೆರ್ಲಿಂಡೆಗೆ ಗೊತ್ತು. “ಎಂಬತ್ತು ಕಿಲೋ ಅಂತ ಹೇಳ್ಕೊಂಡು ಕೂರ್ತಾರೆ. ತಕ್ಕಡಿ ತೊಂಬತ್ತೆರಡು ಅನ್ನತ್ತೆ. ‘ಬೂಟ್ಸು ಭಾರ ಇದೆ’ ಅಂತಾರೆ. ಹನ್ನೆರಡು ಕಿಲೋ ಬೂಟ್ಸು ಹಾಕ್ಕೊಂಡು ಬ್ರೇಕ್ ಒತ್ತೋರು ಉಂಟೇನ್ರೀ?” ಯಾರ ತೂಕ ಎಷ್ಟೆಂದು ಕೇಳಿದರೆ ಮಾತ್ರ ಬಾಯಿಗೆ ಬೀಗ. ಅಳತೆ ಮುಗಿದೊಡನೆ ಅಂಕಿ ತೋರಿಸುವ ಪೆಟ್ಟಿಗೆಯ ಮೇಲೆ ನೀಲಿ ಚೌಕಳಿಯ ಅಡುಗೆ ಬಟ್ಟೆ ಹೊದಿಸಿಬಿಡುತ್ತಾರೆ.

ತೂಕದ ಜತೆಗಿನ ಅವರ ನಂಟು ಹದಿನಾರನೇ ವಯಸ್ಸಿನದು. ಪಕ್ಕದ ಕಣಿವೆಯ ತಕ್ಕಡಿ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ತಕ್ಕಡಿ ನಿಜ ಹೇಳುತ್ತದೆಯೋ ಇಲ್ಲವೋ ಎಂದು ನೋಡುವ ಕೆಲಸ ಮಾಡಿದರು. ಕಾರ್ಖಾನೆ ಮುಚ್ಚಿದ ದಿನ, ಯಾರು ಏನು ಹೊರಬಲ್ಲರೋ ಒಯ್ಯಬಹುದು ಎಂದು ಹೇಳಲಾಯಿತು. ಕೆಲವರು ಕುರ್ಚಿ ಹೊತ್ತರು, ಒಬ್ಬಾತ ಗೋಡೆ ಗಡಿಯಾರ ಕಿತ್ತುಕೊಂಡ. ಗೆರ್ಲಿಂಡೆ ತಳ್ಳುಗಾಡಿಯಲ್ಲಿ ಎರಡು ಸಲ ಓಡಾಡಿ ನಾಲ್ಕು ತಕ್ಕಡಿ ಸಾಗಿಸಿದರು. ನಾಲ್ಕೇ ಏಕೆಂದು ಕೇಳಿದರೆ, “ಐದನೇದಕ್ಕೆ ಗಾಡಿ ಚಕ್ರ ಮುರೀತು,” ಎನ್ನುತ್ತಾರೆ. ಮೊದಮೊದಲು ಹಂದಿ ತೂಗಿದರು. ಒಂದು ದಿನ ನೆರೆಯ ಮೆಕ್ಯಾನಿಕ್ ತನ್ನ ಕಾರನ್ನು ತಂದು ಆ ತಕ್ಕಡಿಗಳ ಮೇಲೆ ಹತ್ತಿಸಿದ. ಅಲ್ಲಿಂದ ಹಂದಿಗಳು ಬರುವುದು ನಿಂತಿತು. ಹಂದಿಗಳು ತೂಕದ ವಿಷಯದಲ್ಲಿ ಸುಳ್ಳು ಹೇಳುತ್ತಿರಲಿಲ್ಲ ಎಂದು ಗೆರ್ಲಿಂಡೆ ಇವತ್ತಿಗೂ ನೆನೆಯುತ್ತಾರೆ.

ಇಷ್ಟು ಕಾರುಗಳ ಹಟ ಬಿಡಿಸಿದ ಈಕೆ ಒಂದೇ ಒಂದು ಸಲವೂ ಅವುಗಳಲ್ಲಿ ಕೂತು ಬೆಟ್ಟ ಹತ್ತಿಲ್ಲ. ಎರಡು ತಿರುವು ಕಳೆಯುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ಓಡಾಟಕ್ಕೆ ಸೈಕಲ್ಲೇ ಗತಿ.

ಇನ್ನು ಈ ಊರಿನವರ ಹುಚ್ಚಿಗೆ ಬರೋಣ. ಹಿಂಟರ್‌ಲಾಖೆನ್ನಿನ ಹಳೆ ಕಾರುಗಳ ಸಂಘದವರಿಗೆ ಹಗುರ ಮಾಡುವ ಕಾಯಿಲೆ ಹತ್ತಿದೆ. ಕಾರು ಹಗುರವಾದಷ್ಟೂ ಚುರುಕು ಎಂದು ಯಾರೋ ತಲೆಗೆ ತುಂಬಿದ್ದಾರೆ. ಅದೇನೋ ಸರಿಯೇ. ಆದರೆ ಇಂಥ ಕಾರಿನ ಹಿಂಭಾಗದಲ್ಲಿ ಕೀಳಲು ಏನಿದೆ? ಎಂಜಿನ್ ಕಿತ್ತರೆ ತಳ್ಳಿಕೊಂಡು ಹೋಗಬೇಕಾಗುತ್ತದೆ. ಆದ್ದರಿಂದ ಕೀಳುವುದೆಲ್ಲ ಮುಂಭಾಗದಿಂದಲೇ. ಸ್ಟೆಪ್ನಿ ಚಕ್ರ, ದೊಡ್ಡ ಬ್ಯಾಟರಿ, ಜಾಕು, ಡಿಕ್ಕಿಯ ಹಾಸು ಎಲ್ಲ ಹೋಗುತ್ತವೆ. ಪೆಟ್ರೋಲ್ ಟ್ಯಾಂಕೂ ಮುಂದೆಯೇ ಇರುವುದರಿಂದ ಕಾಲು ಭಾಗಕ್ಕಿಂತ ಹೆಚ್ಚು ತುಂಬಿಸುವುದಿಲ್ಲ. ಮೊದಲೇ ಹಗುರವಾಗಿದ್ದ ಮೂತಿಯನ್ನು ಹೀಗೆ ಪೂರಾ ಬೋಳಿಸಿ, ‘ತಿರುಗುತ್ತಿಲ್ಲ’ ಎಂದು ಗೆರ್ಲಿಂಡೆಯ ಹತ್ತಿರ ಓಡಿ ಬರುತ್ತಾರೆ.

ಹಸಿರು ಕಾರಿನ ಯಜಮಾನರು ಈ ಹುಚ್ಚಿನ ಮೂಲಪುರುಷರು. ಊರಿನ ಔಷಧಿ ಅಂಗಡಿ ಇಟ್ಟಿರುವ ಡಾಕ್ಟರ್ ಎಕ್‌ಹಾರ್ಟ್ ಬೈಸ್‌ವೆಂಗರ್, ಸಂಘದ ಅಧ್ಯಕ್ಷರು. ಕಾರಿನಿಂದ ಕಿತ್ತ ಪ್ರತಿಯೊಂದನ್ನೂ ಮಾತ್ರೆ ಪುಡಿ ತೂಗುವ ತಕ್ಕಡಿಯಲ್ಲಿಟ್ಟು ಪುಸ್ತಕದಲ್ಲಿ ಬರೆದಿಡುತ್ತಾರೆ. ಈ ಗುರುವಾರ ಬೆಳಗ್ಗೆ ಕಾರು ತಂದವರು ಆ ಪುಸ್ತಕವನ್ನು ಗೆರ್ಲಿಂಡೆಗೆ ನಿಂತು ಓದಿ ಹೇಳುತ್ತಾರೆ.

“ಡಿಕ್ಕಿ ದೀಪದ ತಿರುಪು ನಾಲ್ಕು, ಹನ್ನೊಂದು ಗ್ರಾಂ. ಸಿಗರೇಟ್ ಬೂದಿ ಡಬ್ಬಿ, ನೂರಾ ಎಂಬತ್ತು. ಪಕ್ಕದ ಸೀಟಿನ ದಿಂಬು, ಆರುನೂರ ನಲವತ್ತು. ಒಟ್ಟು ಐವತ್ತೆಂಟು ಕಿಲೋ ಮುನ್ನೂರ ನಲವತ್ತು ಗ್ರಾಂ ಇಳಿಸಿದೀನಿ, ಫೌಸರಮ್ಮ. ಮೂರು ವರ್ಷದ ತಪಸ್ಸು.”

“ಆಯ್ತಲ್ಲ ಡಾಕ್ಟ್ರೇ. ಮತ್ತೆ ತಿರುಗತ್ತಾ?”

ಡಾಕ್ಟರು ಪುಸ್ತಕ ಮುಚ್ಚುತ್ತಾರೆ. ತಿರುಗುವುದಿಲ್ಲವೆಂದು ಊರಿಗೇ ಗೊತ್ತು. ಹೋದ ಭಾನುವಾರ ಬೆಟ್ಟದ ತಳದ ತಿರುವಿನಲ್ಲಿ ಕಾರು ನೇರ ಹೋಗಿ ಪಾಸ್ಟರ್ ಅವರ ಸ್ಟ್ರಾಬೆರಿ ಪಾತಿಯಲ್ಲಿ ನಿಂತಿತ್ತು. ಪಕ್ಕದ ಸೀಟಿನಲ್ಲಿ ಡಾಕ್ಟರ ಹೆಂಡತಿ ಅನ್ನೆರೋಸೆ ಇದ್ದರು. ಯಾರಿಗೂ ಏನೂ ಆಗಲಿಲ್ಲ, ಸ್ಟ್ರಾಬೆರಿಗೆ ಬಿಟ್ಟು.

“ಬರೋ ಭಾನುವಾರ ಬೆಟ್ಟದ ಸವಾರಿ ಇದೆ,” ಎನ್ನುತ್ತಾರೆ ಡಾಕ್ಟರು, ದನಿ ತಗ್ಗಿಸಿ. “ಅಧ್ಯಕ್ಷನೇ ಪಾತಿಗಿಳಿದ್ರೆ ಚೆನ್ನಾಗಿರಲ್ಲ.”

ಆ ಮಧ್ಯಾಹ್ನವೇ ಪಕ್ಕದ ಬಾಗಿಲಿನಿಂದ ಅನ್ನೆರೋಸೆ ಬರುತ್ತಾರೆ. ಗಿಡ್ಡಕ್ಕೆ ಗುಂಡಗೆ ಇರುವ, ನಡೆದರೆ ನೆಲಕ್ಕೇ ಧೈರ್ಯ ಬರುವಂಥ ಹೆಂಗಸು. ಗೆರ್ಲಿಂಡೆ ಮತ್ತು ಅವರು ಒಂದೇ ಬೆಂಚಿನಲ್ಲಿ ಓದಿದವರು. ಕೈಯಲ್ಲಿ ಹೆಣೆದ ಸಿಹಿ ರೊಟ್ಟಿ ಇದೆ, ಆದರೆ ಕೊಡುವುದನ್ನು ಮರೆತು ಅದನ್ನು ಎದೆಗೆ ಅವುಚಿಕೊಂಡೇ ಮಾತಾಡುತ್ತಾರೆ.

“ಪಾತಿಗೆ ಬಿದ್ದಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೇ. ಮೂವತ್ತೊಂದು ವರ್ಷದಿಂದ ಪಕ್ಕದಲ್ಲಿ ಕೂತು ದಾರಿ ಹೇಳಿದೀನಿ, ಇದಕ್ಕಿಂತ ದೊಡ್ಡ ಗುಂಡಿಗೂ ಬಿದ್ದಿದೀವಿ. ಮಂಗಳವಾರ ತಿಂಡಿ ಹೊತ್ತಲ್ಲಿ ಏನಂದ್ರು ಗೊತ್ತಾ? ಮೊಟ್ಟೆ ಸುಲೀತಾ ಸುಲೀತಾ, ‘ಈ ಸಲ ಕುಟ್ಲರ್‌ನ ಕೂರಿಸ್ಕೊಳ್ಳೋಣ ಅಂತಿದೀನಿ, ಅವನು ಐವತ್ತಾರು ಕಿಲೋ ಅಷ್ಟೆ’ ಅಂದ್ರು.”

ಓಟ್ಮಾರ್ ಕುಟ್ಲರ್ ಸಂಘದ ಕಾರ್ಯದರ್ಶಿ, ನಿವೃತ್ತ ಅಂಚೆಯವರು, ಉದ್ದಕ್ಕೆ ಒಣಕಲಾಗಿ ಬೆಳೆದವರು. ನಕ್ಷೆ ಓದಲು ಒಂದರ ಮೇಲೊಂದು ಎರಡು ಕನ್ನಡಕ ಹಾಕಬೇಕು.

“ನೀನೇನಂದೆ?” ಎಂದು ಗೆರ್ಲಿಂಡೆ ಕೇಳುತ್ತಾರೆ.

“ಏನೂ ಅನ್ಲಿಲ್ಲ. ಅವತ್ತಿಂದ ‘ಉಪ್ಪು’ ಅಂತ ಒಂದು ಮಾತು ಬಿಟ್ಟು ಏನೂ ಆಡಿಲ್ಲ. ಸ್ಟೆಪ್ನಿ ಕಿತ್ರು, ಬ್ಯಾಟರಿ ಕಿತ್ರು, ನನ್ ದಿಂಬು ಕಿತ್ರು, ಈಗ ನನ್ನನ್ನೇ.” ಅನ್ನೆರೋಸೆ ರೊಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಳ್ಳುತ್ತಾರೆ. “ಆ ಪುಸ್ತಕದಲ್ಲಿ ನನ್ ಹೆಸರನ್ನೂ ಬರ್ಕೋತಾರೇನೋ, ಇಷ್ಟು ಗ್ರಾಂ ಅಂತ.”

ಗೆರ್ಲಿಂಡೆ ರೊಟ್ಟಿಯನ್ನು ಮೆಲ್ಲಗೆ ಅವರ ತೋಳಿನಿಂದ ಬಿಡಿಸಿಕೊಂಡು ಬೆಂಚಿನ ಮೇಲಿಡುತ್ತಾರೆ. ಗೆಳತಿಯ ಮುಖ ನೋಡಿ ಅವರಿಗೆ ಮೈ ಉರಿಯುತ್ತದೆ. ಡಾಕ್ಟರನ್ನು ಕರೆಸಿ ನಾಲ್ಕು ಮಾತು ಬೈಯಬಹುದಿತ್ತು. ಬೈಗುಳದಿಂದ ಈ ಗಂಡಸರ ತಲೆಗೆ ಏನೂ ಇಳಿಯದು, ಅಂಕಿ ತೋರಿಸಿದರೆ ಇಳಿಯಬಹುದು. “ಶನಿವಾರ ಹತ್ತು ಗಂಟೆಗೆ ಬಾ,” ಎನ್ನುತ್ತಾರೆ. “ಸವಾರಿಗೆ ಹಾಕ್ಕೊಳ್ಳೋ ಕೋಟೇ ಹಾಕ್ಕೊಂಡು ಬಾ.”

“ನಾನು ಆ ತಕ್ಕಡಿ ಮೇಲೆ ಕೂರಲ್ಲ.”

“ಬಟ್ಟೆ ಮುಚ್ತೀನಿ ಕಣೇ.”

ಶುಕ್ರವಾರವಿಡೀ ಗೆರ್ಲಿಂಡೆ ಕಾರಿನ ಕೆಳಗೇ ಇರುತ್ತಾರೆ. ಎರಡು ಮುಂಚಕ್ರಗಳನ್ನು ಜೋಡಿಸುವ ಉಕ್ಕಿನ ಅಡ್ಡಸರಳು ಒಂದಿದೆ. ತಿರುವಿನಲ್ಲಿ ಕಾರು ವಾಲದಂತೆ ಅದು ಬಿಗಿಹಿಡಿಯುತ್ತದೆ. ಡಾಕ್ಟರು ಯಾವುದೋ ಪಟ್ಟಿ ನೋಡಿ ಹೆಬ್ಬೆರಳಿನ ಗಾತ್ರದ್ದು ತರಿಸಿ ಹಾಕಿದ್ದರು. ಅದು ಬಿಗಿಯಾದಷ್ಟೂ ಮುಂಚಕ್ರದ ಹಿಡಿತ ಕಡಿಮೆ. ಗೆರ್ಲಿಂಡೆ ಅದನ್ನು ತೆಗೆದು ಹಳೆಯ ತೆಳುವಾದದ್ದನ್ನೇ ಹಾಕುತ್ತಾರೆ. ಮುಂದಿನ ಚಕ್ರಗಳ ನೆತ್ತಿಯನ್ನು ಒಂದು ಡಿಗ್ರಿಯಷ್ಟು ಒಳಕ್ಕೆ ವಾಲಿಸುತ್ತಾರೆ. ಮುಂದಿನ ಟೈರುಗಳ ಗಾಳಿ ಕೊಂಚ ಇಳಿಸುತ್ತಾರೆ.

ಸಂಜೆ ಡಾಕ್ಟರು ಒಂದು ಸುತ್ತು ಹೋಗಿ ಬರುತ್ತಾರೆ. “ವಾಸಿ. ಆದ್ರೆ ತಿರುವಿನ ಬಾಯಲ್ಲಿ ಇನ್ನೂ ಹಟ ಮಾಡತ್ತೆ.”

“ಮಾಡ್ದೆ ಏನು? ಮೂತಿ ಮೇಲೆ ಭಾರಾನೇ ಇಲ್ಲ. ಸ್ಟೆಪ್ನಿ ವಾಪಸ್ ಹಾಕಿ, ಹಳೇ ಬ್ಯಾಟರಿ ಹಾಕಿ, ಟ್ಯಾಂಕ್ ಪೂರ್ತಿ ತುಂಬ್ಸಿ.”

“ಎಪ್ಪತ್ತೈದು ಕಿಲೋ ಆಯ್ತು ಫೌಸರಮ್ಮ!” ಡಾಕ್ಟರು ಎದೆ ಹಿಡಿದುಕೊಳ್ಳುತ್ತಾರೆ. “ಮೂರು ವರ್ಷ ಉಪನ್ಯಾಸ ಮಾಡಿದೀನಿ, ಸಂಘದಲ್ಲಿ, ಚಿತ್ರ ತೋರ್ಸಿ!”

“ಚಿತ್ರದಲ್ಲಿ ತಿರುವು ಇತ್ತಾ?”

ಡಾಕ್ಟರು ಕಾರು ಹತ್ತಿ ಹೊರಟುಹೋಗುತ್ತಾರೆ. ಆದರೆ ಶನಿವಾರ ಬೆಳಗ್ಗೆ ಬರುವಾಗ ಸ್ಟೆಪ್ನಿಯೂ ಬ್ಯಾಟರಿಯೂ ಇರುತ್ತವೆ, ಟ್ಯಾಂಕೂ ತುಂಬಿರುತ್ತದೆ. ಯಾರೂ ನೋಡದಿರಲೆಂದು ಪಕ್ಕದೂರಿನ ಬಂಕಿನಲ್ಲಿ ತುಂಬಿಸಿಕೊಂಡು ಬಂದಿದ್ದಾರೆ.

ಕಾರು ತಕ್ಕಡಿಗಳ ಮೇಲೇರುತ್ತದೆ. ಡಾಕ್ಟರು ತಮ್ಮ ಸೀಟಿನಲ್ಲಿ ಕೂರುತ್ತಾರೆ. ಕುಟ್ಲರ್ ಬರಲಿಲ್ಲ, ಈ ಶನಿವಾರ ಅವರಿರುವ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ ಅವರದು. ಅವರ ಬದಲಿಗೆ ಗೆರ್ಲಿಂಡೆ ಮೇವಿನ ಅಂಗಡಿಯಿಂದ ಐವತ್ತಾರು ಕಿಲೋ ಆಲೂಗಡ್ಡೆ ತರಿಸಿ, ಅವರ ಉದ್ದ ಕಾಲಿಗೆ ಬೇಕಾಗುವಷ್ಟು ಸೀಟನ್ನು ಹಿಂದೆ ಸರಿಸಿ, ಮೂಟೆಗೆ ಬೆಲ್ಟು ಹಾಕುತ್ತಾರೆ. ಪೆಟ್ಟಿಗೆಯ ಮೇಲೆ ಅಡುಗೆ ಬಟ್ಟೆ ಹೊದಿಸಿ, ಒಂದು ಅಂಕಿ ಮಾತ್ರ ಕಾಣುವಂತೆ ಮೂಲೆ ಮಡಚುತ್ತಾರೆ. ಒಟ್ಟು ಭಾರದಲ್ಲಿ ನೂರಕ್ಕೆ ಎಷ್ಟು ಪಾಲು ಮುಂಚಕ್ರದ ಮೇಲಿದೆ ಎಂಬುದೇ ಆ ಅಂಕಿ. ಗುರುವಾರ ತೂಗಿದಾಗ ಅದು ಮೂವತ್ತೇಳಿತ್ತು.

“ನಲವತ್ತೊಂದು,” ಎಂದು ಡಾಕ್ಟರು ಕಿಟಕಿಯಿಂದ ಕತ್ತು ಚಾಚಿ ಓದುತ್ತಾರೆ. “ನಲವತ್ತೊಂದು ದಶಾಂಶ ಸೊನ್ನೆ. ಪರವಾಗಿಲ್ಲ ಕುಟ್ಲರ್!”

“ಈಗ ಆಲೂಗಡ್ಡೆ ಇಳಿಸ್ತೀನಿ,” ಎನ್ನುತ್ತಾರೆ ಗೆರ್ಲಿಂಡೆ.

ಶೆಡ್ಡಿನ ಪಕ್ಕದ ಬಾಗಿಲು ತೆರೆಯುತ್ತದೆ. ಅನ್ನೆರೋಸೆ ಸವಾರಿಯ ಕೋಟು ತೊಟ್ಟು, ದಾರಿ ಪುಸ್ತಕ ಕಂಕುಳಲ್ಲಿಟ್ಟು, ಯಾರ ಮುಖವನ್ನೂ ನೋಡದೆ ನಡೆದು ಬರುತ್ತಾರೆ. ಅನ್ನೆರೋಸೆ ಕೂರುತ್ತಾರೆ. ಕಾಲು ಎಟುಕುವಂತೆ ಸೀಟನ್ನು ಟಕ್ ಟಕ್ ಎಂದು ಮುಂದಕ್ಕೆ ಎಳೆದುಕೊಳ್ಳುತ್ತಾರೆ, ಮೂವತ್ತೊಂದು ವರ್ಷದಿಂದ ಎಳೆದುಕೊಂಡಷ್ಟೇ.

ಅಂಕಿ ಅತ್ತಿತ್ತ ಆಡಿ ನಿಲ್ಲುತ್ತದೆ.

“ನಲವತ್ತೊಂದು ದಶಾಂಶ ನಾಲ್ಕು,” ಎನ್ನುತ್ತಾರೆ ಡಾಕ್ಟರು. ಕನ್ನಡಕ ಒರೆಸಿ ಮತ್ತೆ ಓದುತ್ತಾರೆ. “ದಶಾಂಶ ನಾಲ್ಕು.”

“ಸೀಟಿನ ಜತೆಗೆ ಭಾರಾನೂ ಮುಂದಕ್ಕೆ ಬಂತು ಡಾಕ್ಟ್ರೇ. ಕುಟ್ಲರ್ ಕೂತ್ರೆ ಇಷ್ಟು ಬರಲ್ಲ. ಗ್ರಾಂ ಗ್ರಾಂ ಲೆಕ್ಕ ಇಡ್ತೀರಲ್ಲ, ಆ ಮೂತಿಗೆ ಬೇಕಾದದ್ದನ್ನ ನೀವೇ ಕಿತ್ತು ಕಿತ್ತು ಮನೇಲಿಟ್ಟಿದ್ರಿ. ಕೊನೇಗೆ ಉಳಿದಿದ್ದು ಒಂದು. ಅದನ್ನೂ ಬಿಟ್ಟು ಹೋಗೋಕೆ ಹೊರಟಿದ್ರಿ.”

ಡಾಕ್ಟರ ಕೈ ತಾನಾಗಿ ಜೇಬಿನ ಪೆನ್ಸಿಲ್ಲಿಗೆ ಹೋಗುತ್ತದೆ. ಎರಡು ಪಾಲು ಗೊತ್ತು, ಆಲೂಗಡ್ಡೆಯ ತೂಕವೂ ಗೊತ್ತು. ಇನ್ನು ಎರಡು ಗೆರೆ ಬರೆದರೆ ಹೆಂಡತಿಯ ತೂಕ ಹೆಚ್ಚೂ ಕಡಿಮೆ ಸಿಕ್ಕೇಬಿಡುತ್ತದೆ. ಗೆರ್ಲಿಂಡೆ ಕೈಚಾಚಿ ಪೆನ್ಸಿಲ್ ಕಿತ್ತುಕೊಳ್ಳುತ್ತಾರೆ.

“ಲೆಕ್ಕ ತಲೆಗೆ ಬಂತಾ?”

“ಬರ್ತಾ ಇದೆ,” ಎನ್ನುತ್ತಾರೆ ಡಾಕ್ಟರು ಪ್ರಾಮಾಣಿಕವಾಗಿ.

“ಬಾಯಿಗೆ ಬರಬಾರದು.”

ಅನ್ನೆರೋಸೆ ಮುಂದಿನ ಗಾಜನ್ನೇ ನೋಡುತ್ತಾ ಕೂತಿದ್ದಾರೆ. ಡಾಕ್ಟರು ಕಾರಿನಿಂದಿಳಿದು ಸರಸರನೆ ಶೆಡ್ಡಿನಿಂದ ಹೊರಗೆ ಹೋಗುತ್ತಾರೆ. ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಸಿಟ್ಟಾದರೋ ಏನೋ ಎಂದು ಗೆರ್ಲಿಂಡೆಗೆ ಒಳಗೊಳಗೇ ಅಳುಕು. ಕಾಲು ಗಂಟೆಯಾದ ಮೇಲೆ ಡಾಕ್ಟರು ಏದುಸಿರು ಬಿಡುತ್ತಾ ಹಿಂದಿರುಗುತ್ತಾರೆ. ಕಂಕುಳಲ್ಲಿ ಕಂದು ಬಣ್ಣದ ಹಳೆಯ ದಿಂಬು ಇದೆ. ಹೆಂಡತಿಯ ಬೆನ್ನ ಹಿಂದೆ ಅದನ್ನಿಟ್ಟು, ಅದು ಸರಿಯಾಗಿ ಕೂತಿತೇ ಎಂದು ಎರಡು ಸಲ ತಟ್ಟುತ್ತಾರೆ.

“ಆರುನೂರ ನಲವತ್ತು ಗ್ರಾಂ ಜಾಸ್ತಿ ಆಗಲ್ವಾ?” ಎಂದು ಅನ್ನೆರೋಸೆ ಕೇಳುತ್ತಾರೆ. ಮಂಗಳವಾರದಿಂದ ಗಂಡನೊಡನೆ ಆಡಿದ ಮೊದಲ ಉದ್ದನೆಯ ಮಾತು ಅದು.

“ಆಗ್ಲಿ ಬಿಡೇ,” ಎನ್ನುತ್ತಾರೆ ಡಾಕ್ಟರು. ಕಿವಿಯವರೆಗೂ ಕೆಂಪಾಗಿದ್ದಾರೆ. ಶ್ವಾಬಿಯಾದ ಗಂಡಸು ಇದಕ್ಕಿಂತ ಹೆಚ್ಚು ಕ್ಷಮೆ ಕೇಳಿದ್ದನ್ನು ಗೆರ್ಲಿಂಡೆ ಈವರೆಗೆ ಕಂಡಿಲ್ಲ.

“ನಾಳೆ ಬರ್ತೀನಿ. ಆದ್ರೆ ಕಾರು ನೇರ ಹೋಯ್ತೋ, ನಾನು ಅಲ್ಲೇ ಇಳಿದು ನಡ್ಕೊಂಡ್ ಹೋಗ್ತೀನಿ. ಮತ್ತೆ ಯಾವತ್ತೂ ಹತ್ತಲ್ಲ,” ಎನ್ನುತ್ತಾರೆ ಅನ್ನೆರೋಸೆ.

ಬೆಟ್ಟದ ಸವಾರಿ ವೇಗದ ಪಂದ್ಯವಲ್ಲ. ಮೂರು ಸಲ ಬೆಟ್ಟ ಹತ್ತಬೇಕು, ಮೂರು ಸಲವೂ ಒಂದೇ ಸಮಯ ತೆಗೆದುಕೊಳ್ಳಬೇಕು. ಓಡಿಸುವವರು ಒಬ್ಬರು, ದಾರಿ ಮತ್ತು ಗಡಿಯಾರ ನೋಡಿ ಹೇಳುವವರು ಇನ್ನೊಬ್ಬರು. ಸಾಮಾನ್ಯವಾಗಿ ಗೆರ್ಲಿಂಡೆ ನೋಡಲು ಹೋಗುವುದಿಲ್ಲ. ಈ ಭಾನುವಾರ ಮಾತ್ರ ಬೆಳಗ್ಗೆಯೇ ಸೈಕಲ್ ಹತ್ತಿ ಬೆಟ್ಟದ ತಳದ ತಿರುವಿಗೆ ಹೋಗಿ, ಪಾಸ್ಟರ್ ಅವರ ಗೋಡೆಯ ಮೇಲೆ ಕೂತಿದ್ದಾರೆ. ಪಾಸ್ಟರ್ ಪಾತಿಯ ಸುತ್ತ ಕೆಂಪು ಬಿಳಿ ಪಟ್ಟಿ ಕಟ್ಟಿ, ತಾವೂ ಅದರ ಹಿಂದೆ ಕೈಕಟ್ಟಿ ನಿಂತಿದ್ದಾರೆ.

“ತಿರುಗತ್ತೇನ್ರೀ, ಗೆರ್ಲಿಂಡೆ?” ಎಂದು ಪಾಸ್ಟರ್ ಕೇಳುತ್ತಾರೆ.

“ನನ್ ಕೈಲಾದದ್ದು ಮಾಡಿದೀನಿ ಪಾಸ್ಟರ್ರೇ. ಉಳಿದಿದ್ದು ನಿಮ್ ಇಲಾಖೆ.”

ತಮಾಷೆಗೆ ಹೇಳಿದರೂ ಅವರಿಗೂ ದಿಗಿಲು. ಕಾರಿಗೆ ಏನಾದೀತೋ ಎಂದಲ್ಲ. ಅನ್ನೆರೋಸೆ ಆ ಕೋಟು ಹಾಕಿಕೊಂಡು ಒಬ್ಬರೇ ನಡೆದು ಮನೆಗೆ ಹೋಗುವುದನ್ನು ನೋಡಬೇಕಾದೀತೋ ಎಂದು.

ಹಸಿರು ಕಾರು ಕೆಳಗಿನ ಸೇತುವೆ ದಾಟಿ ಬರುವುದು ಕಾಣುತ್ತದೆ. ಕಿಟಕಿಗಳು ತೆರೆದಿವೆ. ಎಂಜಿನ್ನಿನ ಸದ್ದಿಗಿಂತ ಮೊದಲು ಕೇಳಿಸುವುದು ಅನ್ನೆರೋಸೆಯ ದನಿ.

“ಮೂರು ಸೆಕೆಂಡ್ ಮುಂದಿದೀರಿ ಅಂದೆ! ನಿಧಾನ ಅಂದೆ!”

“ನಿನ್ ಗಡಿಯಾರವೇ ಹಿಂದಿದೆ ಮಾರಾಯ್ತಿ!”

“ನಮ್ಮಪ್ಪನ ಗಡಿಯಾರ ಅದು! ಅದಕ್ಕೇನಾದ್ರೂ ಅಂದ್ರೆ ನೋಡಿ!”

ಕಾರು ಎಡಕ್ಕೆ ಮೂತಿ ಹಾಕುತ್ತದೆ, ಬಿಳಿ ಗೆರೆ ಹಿಡಿದು ತಿರುವು ಸುತ್ತುತ್ತದೆ, ಪಾಸ್ಟರ್ ಅವರ ಗೋಡೆಯಿಂದ ಎರಡು ಮಾರು ದೂರದಲ್ಲಿ ಹಾದು ಬೆಟ್ಟ ಹತ್ತಿ ಮರೆಯಾಗುತ್ತದೆ. ಗಡಿಯಾರದ ಜಗಳ ಮಾತ್ರ ಇನ್ನೂ ಸ್ವಲ್ಪ ಹೊತ್ತು ಮರಗಳ ಮಧ್ಯದಿಂದ ಕೇಳುತ್ತಿರುತ್ತದೆ. ಪಾಸ್ಟರ್ ಬಗ್ಗಿ ಪಟ್ಟಿ ಬಿಚ್ಚತೊಡಗುತ್ತಾರೆ.

ಅಧ್ಯಕ್ಷರ ಜೋಡಿಗೆ ಹತ್ತೊಂಬತ್ತು ಕಾರುಗಳಲ್ಲಿ ಹದಿನಾಲ್ಕನೇ ಸ್ಥಾನ ಬಂತೆಂದು ಸಂಜೆ ತಿಳಿಯಿತು. ಗೆರ್ಲಿಂಡೆಗೆ ಅದರಲ್ಲಿ ಆಸಕ್ತಿಯಿಲ್ಲ. ಬೇರೇನಾದರೂ ಆಸೆ ಇದೆಯೇ, ಒಂದು ಫಲಕವೋ ಸನ್ಮಾನವೋ ಎಂದು ಕೇಳಿದರೆ ಅವರು ಸೈಕಲ್ಲಿನ ಸೀಟು ಒರೆಸುತ್ತಾ ನಗುತ್ತಾರೆ.

“ಅದೆಲ್ಲ ಯಾಕ್ರೀ? ತಿರುವಲ್ಲಿ ನಂಗೆ ಕೈ ಬೀಸ್ತಾರೇನೋ ಅಂತ ಗೋಡೆ ಮೇಲೆ ಎದ್ದು ನಿಂತಿದ್ದೆ. ಇಬ್ರೂ ನನ್ ಕಡೆ ನೋಡ್ಲೇ ಇಲ್ಲ. ತಿರುವು ಬಂದಿದ್ದು, ಹೋಗಿದ್ದು, ಕಾರು ತಿರುಗಿದ್ದು, ಒಂದೂ ಗೊತ್ತಾಗ್ಲಿಲ್ಲ ಅವ್ರಿಗೆ. ಅಷ್ಟು ಚೆನ್ನಾಗಿ ಜಗಳ ಆಡ್ತಿದ್ರು.”